ನೀರಿನಡಿಯ ಆಸರೆ
ಜಲಾಶಯಗಳಲ್ಲಿ ಮೀನಿಗೆ ನೆಲೆ ಕಟ್ಟುವ ಕೆಲಸ

ಪ್ರತಿವರ್ಷ ಜನವರಿ ತಿಂಗಳಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಊರುಗಳಲ್ಲಿ, ಕ್ರಿಸ್ಮಸ್ ಹಬ್ಬಕ್ಕೆಂದು ಮನೆಯೊಳಗೆ ನಿಲ್ಲಿಸಿ ಸಿಂಗರಿಸಿದ್ದ ಮರಗಳು ಬೀದಿಗೆ ಬರುತ್ತವೆ. ಅವುಗಳಲ್ಲಿ ಒಂದು ಪಾಲನ್ನು ಚೂರು ಮಾಡಿ ಗೊಬ್ಬರಕ್ಕೆ ಬಳಸಲಾಗುತ್ತದೆ. ಇನ್ನೊಂದು ಪಾಲು ಸಮೀಪದ ಜಲಾಶಯದ ದಡವನ್ನು ಸೇರುತ್ತದೆ. ಅಲ್ಲಿ ಮೀನುಗಾರಿಕೆ ಇಲಾಖೆಯ ಸಿಬ್ಬಂದಿಯೂ ಗಾಳಗಾರರ ಸಂಘದ ಸದಸ್ಯರೂ ಕೂಡಿ ನಾಲ್ಕಾರು ಮರಗಳನ್ನು ಒಂದು ಕಟ್ಟು ಮಾಡಿ, ಬುಡಕ್ಕೆ ಕಾಂಕ್ರೀಟ್ ಇಟ್ಟಿಗೆಗಳನ್ನು ಬಿಗಿದು, ದೋಣಿಯಲ್ಲಿ ಒಯ್ದು, ಮೊದಲೇ ಗುರುತಿಸಿದ ಸ್ಥಳದಲ್ಲಿ ನೀರಿಗೆ ಬಿಡುತ್ತಾರೆ. ಕೆಲವು ವಾರಗಳಲ್ಲೇ ಆ ಕಟ್ಟುಗಳ ಸುತ್ತ ಮೀನುಗಳು ಸೇರತೊಡಗುತ್ತವೆ. ಗಾಳಗಾರರೂ ಸೇರತೊಡಗುತ್ತಾರೆ.

ನೋಡುವವರಿಗೆ ಇದು ಕಸವನ್ನು ನೀರಿಗೆ ಎಸೆದಂತೆ ಕಾಣಬಹುದು. ವಾಸ್ತವವಾಗಿ ಇದು ಮುಕ್ಕಾಲು ಶತಮಾನಕ್ಕೂ ಹೆಚ್ಚಿನ ಇತಿಹಾಸವುಳ್ಳ, ಸರ್ಕಾರಿ ಇಲಾಖೆಗಳು ಯೋಜನೆ ಹಾಕಿ ಕೈಗೊಳ್ಳುವ ಕಾರ್ಯ. ನೀರಿನಡಿಯಲ್ಲಿ ಮೀನಿಗೆ ಕೃತಕ ಆಸರೆಯನ್ನು ನಿರ್ಮಿಸುವ ಈ ವಿಧಾನದ ಹಿಂದಿರುವ ತತ್ತ್ವವೇನು, ಅದರಿಂದ ನಿಜಕ್ಕೂ ಮೀನು ಹೆಚ್ಚುತ್ತದೆಯೇ, ಅಥವಾ ಇದ್ದ ಮೀನೇ ಒಂದೆಡೆ ಕೂಡಿ ಸುಲಭವಾಗಿ ಗಾಳಕ್ಕೆ ಸಿಗುತ್ತದೆಯೇ ಎಂಬ ಪ್ರಶ್ನೆಗಳು ವಿಚಾರಯೋಗ್ಯವಾಗಿವೆ. ಎರಡನೆಯ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿಯೇ ಈ ಕಾರ್ಯವು ಸಂರಕ್ಷಣೆಯೋ ಬೇಟೆಯ ಸೌಕರ್ಯವೋ ಎಂಬುದು ನಿರ್ಧಾರವಾಗುತ್ತದೆ.

ಬೋಳಾದ ತಳ

ಸ್ವಾಭಾವಿಕ ಸರೋವರದ ದಂಡೆಯಲ್ಲಿ ಕಾಡಿದ್ದರೆ, ಮುಪ್ಪಿನಿಂದಲೋ ಬಿರುಗಾಳಿಯಿಂದಲೋ ಮರಗಳು ನೀರಿಗೆ ಉರುಳುತ್ತಲೇ ಇರುತ್ತವೆ. ಸದಾ ನೀರಿನಲ್ಲಿ ಮುಳುಗಿರುವ ಮರ ಬೇಗನೆ ಕೊಳೆಯುವುದಿಲ್ಲ. ಕೆನಡಾದ ಒಂಟಾರಿಯೋ ಪ್ರಾಂತದ ಸರೋವರವೊಂದರಲ್ಲಿ ದಡದ ಬಳಿ ಮುಳುಗಿದ್ದ ಪೈನ್ ಮರದ ಕೊರಡುಗಳ ವಯಸ್ಸನ್ನು ವಿಜ್ಞಾನಿಗಳು ಲೆಕ್ಕಹಾಕಿದಾಗ, ಅದು ಸರಾಸರಿ ನಾನೂರು ವರ್ಷಗಳಿಗೂ ಹೆಚ್ಚೆಂದು ಕಂಡುಬಂದಿತು. ಹೀಗೆ ತಲೆಮಾರುಗಳಿಂದ ಬಿದ್ದ ಮರಗಳು ಮೀನುಗಳಿಗೆ ಮನೆಯಾಗುತ್ತವೆ.

ಅಣೆಕಟ್ಟಿನ ಹಿಂದಿನ ಜಲಾಶಯದ ಸ್ಥಿತಿ ಬೇರೆ. ನೀರು ತುಂಬುವ ಮುನ್ನ ಕೆಲವೆಡೆ ಕಾಡನ್ನು ಕಡಿದು ತೆರವುಗೊಳಿಸಲಾಗುತ್ತದೆ. ಕೆಲವೆಡೆ ನಿಂತ ಮರಗಳು ನಿಂತಂತೆಯೇ ಮುಳುಗುತ್ತವೆ. ಮೈಸೂರು ಜಿಲ್ಲೆಯ ಕಬಿನಿ ಹಿನ್ನೀರನ್ನು ಕಂಡವರಿಗೆ, ನೀರಿನ ನಡುವೆ ಬೆಳ್ಳಗೆ ನಿಂತ ಒಣಮರಗಳೂ ಅವುಗಳ ತುದಿಯಲ್ಲಿ ರೆಕ್ಕೆ ಹರಡಿ ಕುಳಿತ ನೀರುಕಾಗೆಗಳೂ ನೆನಪಿರುತ್ತವೆ. ಇಂಥ ಮರಗಳು ಶಾಶ್ವತವಲ್ಲ. ನೀರಾವರಿಗೂ ವಿದ್ಯುತ್ತಿಗೂ ನೀರು ಬಿಟ್ಟಂತೆಲ್ಲ ಜಲಾಶಯದ ಮಟ್ಟ ಏರಿಳಿಯುತ್ತದೆ. ಮರವು ಒಮ್ಮೆ ನೆನೆದು ಒಮ್ಮೆ ಒಣಗುತ್ತದೆ. ಹಾಗೆ ನೆನೆದು ಒಣಗುವ ಭಾಗವೇ ಮೊದಲು ಕೊಳೆಯುವುದು. ಅದೇ ಕಾರಣದಿಂದ ದಡದ ಇಳಿಜಾರಿನಲ್ಲಿ ಜಲಸಸ್ಯಗಳೂ ಬೇರೂರಲಾರವು. ಹೊಳೆ ಹೊತ್ತು ತರುವ ಹೂಳು ಕಲ್ಲುಬಂಡೆಗಳ ಸಂದುಗಳನ್ನು ಮುಚ್ಚುತ್ತದೆ.

ಅಮೆರಿಕದ ದೊಡ್ಡ ಅಣೆಕಟ್ಟುಗಳಲ್ಲಿ ಬಹುಪಾಲು 1930ರಿಂದ 1970ರವರೆಗಿನ ದಶಕಗಳಲ್ಲಿ ನಿರ್ಮಾಣವಾದವು. ಹೊಸ ಜಲಾಶಯದಲ್ಲಿ ಮೊದಲ ಕೆಲವು ವರ್ಷ ಮೀನು ವಿಪುಲವಾಗಿರುತ್ತದೆ. ಮುಳುಗಿದ ನೆಲದ ಸಾರವೂ ಮರಗಿಡಗಳ ಆಸರೆಯೂ ಅದಕ್ಕೆ ಕಾರಣ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಆ ಆಸರೆ ಕರಗಿಹೋಗಿ ತಳವು ಬೋಳು ಬಯಲಾಗುತ್ತದೆ. ಅಲ್ಲಿ ಈಗ ನಡೆಯುತ್ತಿರುವ ಕೊಂಬೆ ಮುಳುಗಿಸುವ ಕೆಲಸವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಕೊಂಬೆಯ ಸುತ್ತ ನಡೆಯುವುದೇನು?

ನೀರಿಗೆ ಬಿದ್ದ ಕೊಂಬೆಯ ಮೇಲೆ, ಬಿಸಿಲು ತಲಪುವ ಆಳದಲ್ಲಿ, ಕೆಲವೇ ದಿನಗಳಲ್ಲಿ ತೆಳುವಾದ ಹಾವಸೆ ಕಟ್ಟುತ್ತದೆ. ಪಾಚಿ, ಬ್ಯಾಕ್ಟೀರಿಯ, ಸೂಕ್ಷ್ಮಜೀವಿಗಳು ಕೂಡಿದ ಪೊರೆ ಅದು. ಅದನ್ನು ಮೇಯಲು ಹುಳುಗಳೂ ಕೀಟಗಳ ಮರಿಗಳೂ ಬರುತ್ತವೆ. ಅವನ್ನು ತಿನ್ನಲು ಸಣ್ಣ ಮೀನುಗಳು ಬರುತ್ತವೆ. ಸಣ್ಣ ಮೀನುಗಳನ್ನು ಹಿಡಿಯಲು ದೊಡ್ಡವು ಸುಳಿಯುತ್ತವೆ. ಆದರೆ ಮೀನುಗಳನ್ನು ಅಲ್ಲಿಗೆ ಸೆಳೆಯುವುದು ಆಹಾರವೊಂದೇ ಅಲ್ಲ. ಹಾವಸೆ ಕಟ್ಟುವ ಮೊದಲೇ ಮೀನು ಬಂದು ಸೇರುವುದುಂಟು. ಬಯಲಿನಲ್ಲಿ ಒಂಟಿಯಾಗಿ ನಿಂತ ಮರದ ನೆರಳಿಗೆ ದನಗಳು ಸೇರುವಂತೆ, ಬೋಳು ತಳದಲ್ಲಿ ಎದ್ದು ನಿಂತ ಯಾವುದೇ ಆಕೃತಿಯ ಬಳಿಗೆ ಮೀನುಗಳು ಸರಿಯುತ್ತವೆ.

ಲಾರ್ಜ್‌ಮೌತ್ ಬಾಸ್ ಎಂಬ ಮೀನು ಹೊಂಚುಹಾಕಿ ಬೇಟೆಯಾಡುವ ಜಾತಿಯದು. ಕೊಂಬೆಯ ನೆರಳಿನಲ್ಲಿ ಅಲುಗಾಡದೆ ನಿಂತು, ಬೆಳಕಿನಲ್ಲಿ ಹಾದುಹೋಗುವ ಮೀನಿನ ಮೇಲೆ ಒಮ್ಮೆಲೇ ಎರಗುತ್ತದೆ. ಕ್ರ್ಯಾಪಿ ಎಂಬ ಇನ್ನೊಂದು ಜಾತಿ ಹಿಂಡುಹಿಂಡಾಗಿ ಕೊಂಬೆಗಳ ನಡುವೆ ತಂಗುತ್ತದೆ. ಅಮೆರಿಕದ ಗಾಳಗಾರರಿಗೆ ಬಲುಪ್ರಿಯವಾದ ಈ ಎರಡು ಮೀನುಗಳ ಸ್ವಭಾವವೇ ಅಲ್ಲಿ ಇಂಥ ರಚನೆಗಳು ಇಷ್ಟೊಂದು ಪ್ರಚಾರ ಪಡೆಯಲು ಕಾರಣವಾಯಿತು. ಎಲ್ಲ ಮೀನುಗಳೂ ಹೀಗಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಸಂದುಗಳ ಅಳತೆ ಇನ್ನೊಂದು ಮುಖ್ಯ ಸಂಗತಿ. ಒತ್ತಾಗಿ ಹೆಣೆದ ಸಣ್ಣ ರೆಂಬೆಗಳ ನಡುವೆ ಮರಿಮೀನುಗಳು ನುಸುಳಿ ಬದುಕುತ್ತವೆ. ಬೆನ್ನಟ್ಟುವ ದೊಡ್ಡ ಮೀನು ಒಳಹೊಗಲಾರದು. ಸಂದುಗಳು ಅಗಲವಾಗಿದ್ದರೆ ದೊಡ್ಡ ಮೀನಿಗೆ ಅನುಕೂಲ, ಮರಿಗಳಿಗೆ ಅಪಾಯ. ಗಾಳಗಾರನ ಸಂತೋಷವನ್ನಷ್ಟೇ ಗಮನಿಸುವವರು ಅಗಲ ಸಂದಿನ ರಚನೆಯನ್ನೇ ಬಯಸುತ್ತಾರೆ. ನಾಲ್ಕು ವರ್ಷದ ಮುಂದಿನ ಮೀನಿನ ಚಿಂತೆಯಿರುವವರು ಎರಡನ್ನೂ ಬೆರೆಸುತ್ತಾರೆ.

ಮಿಷಿಗನ್‌ನಿಂದ ಆರಂಭ

ಈ ಕಾರ್ಯಕ್ಕೆ ಶಾಸ್ತ್ರೀಯ ರೂಪ ದೊರೆತದ್ದು ಮಿಷಿಗನ್ ರಾಜ್ಯದಲ್ಲಿ. 1930ರಲ್ಲಿ ಅಲ್ಲಿ ಸ್ಥಾಪನೆಯಾದ ಮೀನುಗಾರಿಕಾ ಸಂಶೋಧನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಕಾರ್ಲ್ ಹಬ್ಸ್ ಅವರು ಸರೋವರಗಳ ಸುಧಾರಣೆಯನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ನಿರುದ್ಯೋಗಿ ತರುಣರಿಗಾಗಿ 1933ರಲ್ಲಿ ಆರಂಭವಾದ ನಾಗರಿಕ ಸಂರಕ್ಷಣ ದಳದ ಕೈಗಳು ಈ ಕೆಲಸಕ್ಕೆ ಒದಗಿದವು. ಆ ತರುಣರು ಕೊಂಬೆಮೆದೆಗಳನ್ನು ಕಟ್ಟಿ ಸರೋವರಗಳಲ್ಲಿ ಮುಳುಗಿಸಿದರು. 1938ರಲ್ಲಿ ಹಬ್ಸ್ ಅವರು ಎಶ್‌ಮೈಯರ್ ಅವರೊಡನೆ ಈ ವಿಷಯದ ಮೇಲೆ ಪ್ರಕಟಿಸಿದ ಗ್ರಂಥ ಬಹುಕಾಲ ಕೈಪಿಡಿಯಾಗಿ ಬಳಕೆಯಲ್ಲಿತ್ತು.

ಹಣದ ಮೂಲ ನಂತರ ಒದಗಿತು. 1950ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನಿನ ಪ್ರಕಾರ ಗಾಳ, ಕೋಲು, ಉರುಳೆ ಮೊದಲಾದ ಸಾಮಗ್ರಿಗಳ ಮೇಲೆ ವಿಧಿಸುವ ಸುಂಕ ರಾಜ್ಯಗಳ ಮೀನುಗಾರಿಕಾ ಅಭಿವೃದ್ಧಿಗೆ ಸಲ್ಲುತ್ತದೆ. ಗಾಳಗಾರರು ಕೊಡುವ ಪರವಾನಗಿ ಶುಲ್ಕವೂ ಇದಕ್ಕೆ ಸೇರುತ್ತದೆ. ಫಲ ಅನುಭವಿಸುವವನೇ ವೆಚ್ಚದಲ್ಲಿ ಪಾಲುಗೊಳ್ಳುವ ಈ ಏರ್ಪಾಡು ಇಲ್ಲದಿದ್ದರೆ ಇಷ್ಟು ವ್ಯಾಪಕವಾಗಿ ಈ ಕಾರ್ಯ ನಡೆಯುತ್ತಿರಲಿಲ್ಲ.

ಸಾಮಗ್ರಿ ಮತ್ತು ವಿಧಾನ

ಮುಳುಗಿಸುವ ವಸ್ತುಗಳಲ್ಲಿ ಮರವೇ ಇಂದಿಗೂ ಅಗ್ರಗಣ್ಯ. ಕ್ರಿಸ್ಮಸ್ ಮರ ಪುಕ್ಕಟೆಯಾಗಿ ದೊರೆಯುತ್ತದೆ, ಆದರೆ ಅದರ ಸೂಜಿಯಂಥ ಎಲೆಗಳೂ ಸಣ್ಣ ರೆಂಬೆಗಳೂ ಕೆಲವೇ ವರ್ಷಗಳಲ್ಲಿ ಕಳಚಿ, ನಡುವಿನ ದಂಡವಷ್ಟೇ ಉಳಿಯುತ್ತದೆ. ಸೀಡರ್ ಮರ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಓಕ್‌ನಂಥ ಗಟ್ಟಿ ಮರ ಇನ್ನೂ ಬಾಳಿಕೆಯುಳ್ಳದ್ದು. ಬಿದಿರಿನ ಬಳಕೆಯೂ ಇದೆ: ಬಕೆಟ್ಟಿನಲ್ಲಿ ಹಸಿ ಕಾಂಕ್ರೀಟ್ ತುಂಬಿ, ಅದರಲ್ಲಿ ಹತ್ತಾರು ಬಿದಿರು ಗಳುಗಳನ್ನು ಕೊಡೆಯ ಕಡ್ಡಿಗಳಂತೆ ಹರಡಿ ನಿಲ್ಲಿಸಿ, ಗಟ್ಟಿಯಾದ ಮೇಲೆ ಮುಳುಗಿಸುವುದು. ಖರ್ಚು ಕಡಿಮೆ, ಒಬ್ಬನೇ ಎತ್ತಬಹುದು.

ಪೆನ್ಸಿಲ್ವೇನಿಯ ರಾಜ್ಯದಲ್ಲಿ ಕೊಯ್ದ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ ಮೊಳೆ ಹೊಡೆದ ಚೌಕಟ್ಟು ಪ್ರಸಿದ್ಧವಾಗಿದೆ. ಪಟ್ಟಿಗಳ ತುದಿಗಳು ನಾಲ್ಕು ಕಡೆಗೂ ಚಾಚಿಕೊಂಡಿರುವುದರಿಂದ ಅದಕ್ಕೆ ಮುಳ್ಳುಹಂದಿಯ ಹೆಸರಿಟ್ಟಿದ್ದಾರೆ. ಸ್ಮಾಲ್‌ಮೌತ್ ಬಾಸ್ ಮೀನಿಗಾಗಿ ಸೀಳಿದ ಅರ್ಧ ದಿಮ್ಮಿಯನ್ನು ತಳದಿಂದ ತುಸು ಮೇಲಕ್ಕೆ ಬೋರಲಾಗಿ ನಿಲ್ಲಿಸುವುದುಂಟು. ಅದರ ಅಡಿಯ ನೆರಳಿನಲ್ಲಿ ಅದು ಗೂಡು ಮಾಡಿ ಮೊಟ್ಟೆಯಿಡುತ್ತದೆ. ಪೊಟರೆಯಲ್ಲಿ ಮೊಟ್ಟೆಯಿಡುವ ಕ್ಯಾಟ್‌ಫಿಶ್ ಜಾತಿಗಳಿಗೆ ಕೊಳವೆ, ಪೆಟ್ಟಿಗೆಗಳನ್ನು ಇಡಲಾಗುತ್ತದೆ. ವಾಲೈ ಮೀನಿಗೆ ಬೇಕಾದದ್ದು ಮರವಲ್ಲ, ಕೆಸರಿಲ್ಲದ ಕಲ್ಲುಗುಂಡುಗಳ ಹಾಸು. ಯಾವ ಮೀನಿಗೆ, ಅದರ ಬಾಳಿನ ಯಾವ ಘಟ್ಟಕ್ಕೆ ಎಂಬುದನ್ನು ನಿರ್ಧರಿಸದೆ ಕಟ್ಟಿದ ರಚನೆ ಬಹುಮಟ್ಟಿಗೆ ವ್ಯರ್ಥ.

ಪ್ಲಾಸ್ಟಿಕ್ ಕೊಳವೆಗಳ ರಚನೆಗಳು ಈಚೆಗೆ ಹೆಚ್ಚಾಗಿವೆ. ಜಾರ್ಜಿಯ ರಾಜ್ಯದ ಹೆಸರಿನಿಂದ ಕರೆಯಲಾಗುವ ಘನಾಕಾರದ ಚೌಕಟ್ಟು ಅವುಗಳಲ್ಲೊಂದು. ಅದು ಕೊಳೆಯುವುದಿಲ್ಲ, ಗಾಳದ ಮುಳ್ಳು ಅದಕ್ಕೆ ಅಷ್ಟಾಗಿ ಸಿಕ್ಕಿಕೊಳ್ಳುವುದಿಲ್ಲ. ಆದರೆ ಕೊಳೆಯದಿರುವುದು ಗುಣವೋ ದೋಷವೋ ಎಂಬುದು ಸುಲಭವಾಗಿ ಹೇಳುವ ಮಾತಲ್ಲ. ತಪ್ಪಾದ ಸ್ಥಳದಲ್ಲಿ ಬಿದ್ದ ಮರ ಎಂದಾದರೂ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಅಲ್ಲಿಯೇ ಉಳಿಯುತ್ತದೆ.

ಹಳೆಯ ಟೈರುಗಳ ಕಥೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಒಂದು ಕಾಲದಲ್ಲಿ ಸವೆದ ಟೈರುಗಳನ್ನು ಕಟ್ಟಿ ಮುಳುಗಿಸುವುದು ಜಾಣ ಉಪಾಯವೆಂದು ಎಲ್ಲರೂ ಭಾವಿಸಿದ್ದರು. ಕಸವೂ ತೀರಿತು, ಮೀನಿಗೆ ಮನೆಯೂ ಆಯಿತು ಎಂಬ ಲೆಕ್ಕಾಚಾರ. ಸಿಹಿನೀರಿನ ಜಲಾಶಯಗಳಲ್ಲೂ ಸಮುದ್ರದಲ್ಲೂ ಅವು ಬಿದ್ದವು. ಫ್ಲಾರಿಡದ ಕರಾವಳಿಯಲ್ಲಿ 1972ರಲ್ಲಿ ಆರಂಭವಾದ ಒಂದು ಯೋಜನೆಯಡಿ ಸುಮಾರು 20 ಲಕ್ಷ ಟೈರುಗಳನ್ನು ಸಮುದ್ರತಳಕ್ಕೆ ಇಳಿಸಲಾಯಿತು. ಕಟ್ಟಿದ ಬಂಧಗಳು ತುಕ್ಕು ಹಿಡಿದು ತುಂಡಾದವು. ಬಿಡಿ ಟೈರುಗಳು ಅಲೆಗಳ ಹೊಡೆತಕ್ಕೆ ಉರುಳಾಡಿ ಸಮೀಪದ ಹವಳದ ದಿಬ್ಬಗಳನ್ನೇ ಜಖಂಗೊಳಿಸಿದವು. 2007ರಿಂದ ಅವುಗಳನ್ನು ಮೇಲೆತ್ತುವ ಕೆಲಸ ಕೈಗೊಳ್ಳಬೇಕಾಯಿತು. ಔಷಧ ಹಾಯಿಸಿದ ಮರ, ಬಣ್ಣ ಬಳಿದ ಹಲಗೆ, ಎಣ್ಣೆ ಮೆತ್ತಿದ ಲೋಹ, ಇವುಗಳನ್ನು ನೀರಿಗೆ ಬಿಡಬಾರದೆಂಬ ನಿಯಮ ಈಗ ಸಾಮಾನ್ಯವಾಗಿದೆ.

ಇನ್ನು ಸ್ಥಳದ ಆಯ್ಕೆ. ಬೇಸಿಗೆಯಲ್ಲಿ ಆಳವಾದ ಜಲಾಶಯದ ಮೇಲ್ಪದರದ ನೀರು ಬಿಸಿಯಾಗಿ ಹಗುರಾಗುತ್ತದೆ. ಕೆಳಪದರ ತಣ್ಣಗೆ ಭಾರವಾಗಿ ಉಳಿಯುತ್ತದೆ. ಎರಡೂ ಬೆರೆಯದಿರುವುದರಿಂದ ಕೆಳಗಿನ ನೀರಿನ ಆಮ್ಲಜನಕ ತೀರುತ್ತ ಬರುತ್ತದೆ. ಅಲ್ಲಿ ಎಂಥ ಅರಮನೆ ಕಟ್ಟಿದರೂ ಬೇಸಿಗೆಯಲ್ಲಿ ಮೀನು ವಾಸಿಸದು. ಆದ್ದರಿಂದ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಅಡಿಗಳ ಆಳವನ್ನು ಆರಿಸುತ್ತಾರೆ. ನೀರು ಅತ್ಯಂತ ಕಡಿಮೆಯಾದಾಗಲೂ ರಚನೆಯ ತುದಿ ದೋಣಿಗಳಿಗೆ ತಗಲದಷ್ಟು ಕೆಳಗಿರಬೇಕು. ಈಜುವ ಜಾಗ, ದೋಣಿಗಳ ದಾರಿ, ವಿದ್ಯುದಾಗಾರದ ನೀರು ಸೆಳೆಯುವ ಬಾಯಿ ಇವುಗಳಿಂದ ದೂರವಿರಬೇಕು. ಚಳಿಗಾಲದಲ್ಲಿ ನೀರನ್ನು ಇಳಿಸಿದ ಜಲಾಶಯದಲ್ಲಿ ಬಯಲಾದ ತಳದ ಮೇಲೆಯೇ ನಡೆದುಹೋಗಿ ಕಟ್ಟುವುದು ಎಲ್ಲಕ್ಕಿಂತ ಸುಲಭ. ಸರೋವರಗಳು ಹೆಪ್ಪುಗಟ್ಟುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಡೀ ಮರಗಳನ್ನು ಮಂಜುಗಡ್ಡೆಯ ಮೇಲೆ ಎಳೆದು ತಂದು, ಬುಡವನ್ನು ದಡಕ್ಕೆ ಉಕ್ಕಿನ ಹಗ್ಗದಿಂದ ಬಿಗಿದು ಬಿಡುತ್ತಾರೆ. ವಸಂತದಲ್ಲಿ ಮಂಜು ಕರಗಿದಾಗ ಮರ ತಾನಾಗಿಯೇ ನೀರಿಗಿಳಿಯುತ್ತದೆ.

ಈ ಯಾವ ಕೆಲಸಕ್ಕೂ ಜಲಾಶಯದ ಒಡೆತನವುಳ್ಳ ಸಂಸ್ಥೆಯ ಅನುಮತಿ ಬೇಕು. ಮುಳುಗಿಸಿದ ಸ್ಥಳಗಳ ಅಕ್ಷಾಂಶ ರೇಖಾಂಶಗಳನ್ನು ಹಲವು ರಾಜ್ಯಗಳ ಇಲಾಖೆಗಳು ಪ್ರಕಟಿಸುತ್ತವೆ. ಸಾರ್ವಜನಿಕ ಹಣದಿಂದ ಕಟ್ಟಿದ ನೆಲೆ ಕೆಲವರ ಗುಟ್ಟಾಗಬಾರದೆಂಬ ನ್ಯಾಯ ಇದರಲ್ಲಿದೆ. ಗುಟ್ಟು ಬಯಲಾದೊಡನೆ ದೋಣಿಗಳೆಲ್ಲ ಅಲ್ಲಿಗೇ ಮುತ್ತುತ್ತವೆ ಎಂಬುದೂ ನಿಜ.

ಕೂಡುವುದೋ, ಹೆಚ್ಚುವುದೋ?

ಒಂದು ಮೆದೆಯ ಬಳಿ ನೂರು ಮೀನು ಸಿಕ್ಕವೆಂದರೆ ಜಲಾಶಯದಲ್ಲಿ ನೂರು ಮೀನು ಹೆಚ್ಚಾದವೆಂದು ಅರ್ಥವಲ್ಲ. ಅವು ಬೇರೆಡೆಯಿಂದ ಬಂದವುಗಳೇ ಇರಬಹುದು. ಹಾಗಿದ್ದಲ್ಲಿ ಆಸರೆಯು ಮೀನನ್ನು ಹಿಡಿಯಲು ಸುಲಭವಾಗಿಸಿತೇ ಹೊರತು ಬೆಳೆಸಲಿಲ್ಲ. ಹಿಡಿಯುವುದಕ್ಕೆ ಮಿತಿಯಿಲ್ಲದ ನೀರಿನಲ್ಲಿ ಇದರ ಪರಿಣಾಮ ಮೀನು ಬೇಗ ಬರಿದಾಗುವುದೇ. ಈ ವಿವಾದ ಮೀನುಗಾರಿಕಾ ವಿಜ್ಞಾನದಲ್ಲಿ ದಶಕಗಳಿಂದ ನಡೆದುಬಂದಿದೆ.

ವಿಸ್ಕಾನ್ಸಿನ್ ರಾಜ್ಯದ ಲಿಟ್ಲ್ ರಾಕ್ ಸರೋವರದಲ್ಲಿ ನಡೆದ ಪ್ರಯೋಗ ಇದರ ಮೇಲೆ ಬೆಳಕು ಚೆಲ್ಲುತ್ತದೆ. ಹಿಂದಿನ ಒಂದು ಸಂಶೋಧನೆಗಾಗಿ ಆ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಲಾಗಿತ್ತು. 2002ರಲ್ಲಿ ವಿಜ್ಞಾನಿಗಳು ಒಂದು ಭಾಗದ ದಡದ ನೀರಿನಿಂದ ಬಿದ್ದ ಮರಗಳಲ್ಲಿ ಸುಮಾರು ಮುಕ್ಕಾಲು ಪಾಲನ್ನು ತೆಗೆದುಹಾಕಿ, ಇನ್ನೊಂದು ಭಾಗವನ್ನು ಹಾಗೆಯೇ ಬಿಟ್ಟರು. ಮರ ತೆಗೆದ ಭಾಗದಲ್ಲಿ ಅಡಗಲು ಎಡೆಯಿಲ್ಲದ ಹಳದಿ ಪರ್ಚ್ ಮೀನುಗಳ ಸಂಖ್ಯೆ ತೀರಾ ಕುಸಿಯಿತು. ಅವುಗಳನ್ನು ತಿಂದು ಬದುಕುತ್ತಿದ್ದ ಲಾರ್ಜ್‌ಮೌತ್ ಬಾಸ್ ಮೀನಿಗೆ ಮೀನಿನ ಆಹಾರ ಕಡಿಮೆಯಾಗಿ, ದಡದಿಂದ ನೀರಿಗೆ ಬೀಳುವ ಕೀಟಾದಿಗಳ ಮೇಲೆ ಹೆಚ್ಚು ಅವಲಂಬಿಸಬೇಕಾಯಿತು. ಅದರ ಬೆಳವಣಿಗೆಯೂ ಕುಂಠಿತವಾಯಿತು. ಅಂದರೆ ಮರವು ಕೇವಲ ಮೀನು ಸೇರುವ ತಾಣವಲ್ಲ, ಮರಿಗಳನ್ನು ಉಳಿಸಿ ಇಡೀ ಆಹಾರ ಸರಪಣಿಯನ್ನು ಹಿಡಿದು ನಿಲ್ಲಿಸುವ ಆಧಾರವೂ ಹೌದು.

ಆದರೆ ಇದರಿಂದ ಅವಸರದ ತೀರ್ಮಾನಕ್ಕೆ ಬರಬಾರದು. ಅಲ್ಲಿ ತೆಗೆದದ್ದು ದಡದುದ್ದಕ್ಕೂ ಹರಡಿದ್ದ, ಬಹುಕಾಲದಿಂದ ಬಿದ್ದಿದ್ದ ಮರಗಳ ರಾಶಿ. ಸಾವಿರಾರು ಎಕರೆ ವಿಸ್ತಾರದ ಜಲಾಶಯದಲ್ಲಿ ಇಪ್ಪತ್ತು ಮೂವತ್ತು ಕಟ್ಟುಗಳನ್ನು ಮುಳುಗಿಸಿ ಅದೇ ಫಲವನ್ನು ನಿರೀಕ್ಷಿಸುವುದು ಸರಿಯಲ್ಲ. ಅಂಥ ಅಲ್ಪ ಪ್ರಮಾಣದ ಕೆಲಸದಿಂದ ಆಗುವುದು ಬಹುಮಟ್ಟಿಗೆ ಮೀನುಗಳ ಕೂಡಿಕೆಯೇ. ಅದನ್ನು ಮೀನಿನ ಅಭಿವೃದ್ಧಿಯೆಂದು ಕರೆಯದೆ ಗಾಳಗಾರರ ಸೌಕರ್ಯವೆಂದು ಕರೆದರೆ ತಪ್ಪೇನಿಲ್ಲ. ಹಿಡಿಯುವ ಮೀನಿನ ಸಂಖ್ಯೆಗೂ ಉದ್ದಕ್ಕೂ ಮಿತಿಯಿರುವವರೆಗೆ ಅದರಿಂದ ಹಾನಿಯೂ ವಿಶೇಷವಾಗಿಲ್ಲ.

ಬಂಗಾಳದ ಕಾಠಾ, ಅಸ್ಸಾಮಿನ ಬೀಲ್

ಕೊಂಬೆಗೆ ಮೀನು ಸೇರುತ್ತದೆಂಬ ತಿಳಿವಳಿಕೆ ಅಮೆರಿಕದವರದೇ ಅಲ್ಲ. ಬಂಗಾಳದ ನದಿಗಳಲ್ಲಿ ಕೊಂಬೆಗಳನ್ನು ರಾಶಿ ಹಾಕಿ, ಸುತ್ತ ನೀರುಗಳೆ ಬೆಳೆಯಲು ಬಿಟ್ಟು, ಕೆಲವು ತಿಂಗಳ ನಂತರ ಬಲೆಯಿಂದ ಸುತ್ತುವರಿದು, ಕೊಂಬೆಗಳನ್ನು ಕಿತ್ತು ಮೀನನ್ನೆಲ್ಲ ಬಾಚಿಕೊಳ್ಳುವ ಪದ್ಧತಿಯನ್ನು ಕಾಠಾ ಎನ್ನುತ್ತಾರೆ. ಅಸ್ಸಾಮಿನ ಬೀಲ್‌ಗಳೆಂಬ ತಗ್ಗು ಸರೋವರಗಳಲ್ಲೂ ಇಂಥದೇ ರೂಢಿಯಿದೆ. ಮಣಿಪುರದ ಲೋಕ್ತಾಕ್ ಸರೋವರದಲ್ಲಿ ತೇಲುವ ಸಸ್ಯರಾಶಿಯನ್ನು ಬಳೆಯಾಕಾರದಲ್ಲಿ ಕಟ್ಟಿ ಮೀನು ಹಿಡಿಯುವ ಅಥಾಫುಂ ಪದ್ಧತಿ ಎಷ್ಟು ಬೆಳೆಯಿತೆಂದರೆ, ಸರೋವರದ ರಕ್ಷಣೆಗಾಗಿ 2006ರ ಕಾಯಿದೆಯಲ್ಲಿ ಅದನ್ನು ನಿಷೇಧಿಸಬೇಕಾಯಿತು.

ಇಲ್ಲಿ ಮೀನನ್ನು ಕೂಡಿಸುವುದು ಗಾಳಕ್ಕಲ್ಲ, ಬಲೆಗೆ. ಮರಿಯೆನ್ನದೆ ಬಲಿತದ್ದೆನ್ನದೆ ಎಲ್ಲವೂ ಒಮ್ಮೆಗೇ ಹಿಡಿಯಲ್ಪಡುತ್ತವೆ. ಕೊಂಬೆ ಹಾಕಲು ಹಣವುಳ್ಳವರು ಹೊಳೆಯ ಒಂದು ಭಾಗವನ್ನೇ ತಮ್ಮದೆಂದು ಆಕ್ರಮಿಸಿಕೊಳ್ಳುವುದೂ, ಬಡ ಬೆಸ್ತರಿಗೆ ಬಲೆ ಬೀಸಲು ಜಾಗವಿಲ್ಲದಾಗುವುದೂ ಕಂಡುಬಂದಿದೆ.

ಕುತೂಹಲದ ಸಂಗತಿಯೆಂದರೆ ಅದೇ ಕೊಂಬೆಮೆದೆ ತದ್ವಿರುದ್ಧವಾದ ಉದ್ದೇಶಕ್ಕೂ ಬಳಕೆಯಾಗಿದೆ. ಬಾಂಗ್ಲಾದೇಶದ ಶ್ರೀಮಂಗಲದ ಬಳಿಯಿರುವ ಹಾಯಿಲ್ ಹಾವೋರ್ ಎಂಬ ವಿಸ್ತಾರವಾದ ಜೌಗು ಪ್ರದೇಶದಲ್ಲಿ, ಬಾಯಿಕ್ಕಾ ಬೀಲ್ ಎಂಬ ಭಾಗವನ್ನು 2003ರಲ್ಲಿ ಶಾಶ್ವತ ಮತ್ಸ್ಯಧಾಮವೆಂದು ಘೋಷಿಸಲಾಯಿತು. ಅಲ್ಲಿ ಮೀನು ಹಿಡಿಯುವಂತಿಲ್ಲ. ತಳದಲ್ಲಿ ಕೊಂಬೆಗಳನ್ನೂ ಕಾಂಕ್ರೀಟ್ ರಚನೆಗಳನ್ನೂ ಇಟ್ಟಿರುವುದು ಮೀನಿಗೆ ಆಸರೆಯಾಗಲೆಂದು, ಜೊತೆಗೆ ಕಳ್ಳತನದಿಂದ ಬೀಸಿದ ಬಲೆ ಸಿಕ್ಕಿಕೊಂಡು ಹರಿಯಲೆಂದು. ಬೇಸಿಗೆಯಲ್ಲಿ ಅಲ್ಲಿ ಉಳಿದ ತಾಯಿಮೀನುಗಳು ಮಳೆಗಾಲದ ನೆರೆಯೊಡನೆ ಸುತ್ತಲಿನ ನೀರಿಗೆ ಹರಡುತ್ತವೆ; ಆ ಸುತ್ತಲಿನ ನೀರಿನಲ್ಲಿ ಬೆಸ್ತರು ಬಲೆ ಬೀಸುತ್ತಾರೆ.

ನಮ್ಮ ಜಲಾಶಯಗಳಲ್ಲಿ

ಭಾರತದ ಜಲಾಶಯಗಳಿಗೆ ಅಮೆರಿಕದ ಮಾದರಿಯನ್ನು ಹಾಗೆಯೇ ತರಲಾಗದು. ನಮ್ಮಲ್ಲಿ ಜಲಾಶಯದ ಮೀನು ಮುಖ್ಯವಾಗಿ ಬೆಸ್ತರ ಜೀವನೋಪಾಯ. ಗಾಳದ ಹವ್ಯಾಸ ಕೆಲವರದು. ಬೆಸ್ತರ ಸಾಧನ ನೀರಿನಲ್ಲಿ ಪರದೆಯಂತೆ ನಿಲ್ಲಿಸುವ ಕಿವಿರುಬಲೆ. ಮುಳುಗಿದ ಮರಮೋಟುಗಳು ಅದನ್ನು ಹರಿಯುತ್ತವೆ ಎಂಬುದು ಅವರ ಹಳೆಯ ದೂರು. ಗಾಳಗಾರನಿಗೆ ವರವಾದ ಕೊಂಬೆ ಬೆಸ್ತನಿಗೆ ಹೊಸ ಬಲೆಯ ಖರ್ಚಾಗಬಹುದು. ಅವರನ್ನು ಕೇಳದೆ ಇಂಥ ಕೆಲಸಕ್ಕೆ ಕೈಹಾಕುವುದು ಅನ್ಯಾಯ.

ಮೀನುಗಳ ಸ್ವಭಾವವೂ ಬೇರೆ. ಕಾಟ್ಲಾ ಮೇಲ್ಪದರದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಮೃಗಾಲ್ ತಳದ ಕೆಸರನ್ನು ಕೆದಕುತ್ತದೆ. ಇವೆರಡಕ್ಕೂ ಕೊಂಬೆಮೆದೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ರೋಹು ಮಾತ್ರ ಹಾವಸೆಯನ್ನು ಮೇಯುವುದರಿಂದ, ಕೊಳಗಳಲ್ಲಿ ಬಿದಿರು ಗಳುಗಳನ್ನು ನೆಟ್ಟು ಅದರ ಬೆಳವಣಿಗೆಯನ್ನು ಹೆಚ್ಚಿಸುವ ಪ್ರಯೋಗಗಳು ಫಲ ನೀಡಿವೆ. ಈ ಮೂರೂ ಮೀನುಗಳು ಮೊಟ್ಟೆಯಿಡಲು ಮಳೆಗಾಲದ ಹರಿವನ್ನು ಬೇಡುತ್ತವೆ, ಆದ್ದರಿಂದ ನಿಂತ ನೀರಿನ ಯಾವ ಆಸರೆಯೂ ಅವುಗಳ ಸಂತಾನವನ್ನು ಹೆಚ್ಚಿಸದು. ಗಾಳಗಾರರ ಕನಸಿನ ಮೀನಾದ ಮಹಸೀರ್ ಹರಿಯುವ ಹೊಳೆಯ, ಬಂಡೆಗಳ ನಡುವಿನ ಮಡುವಿನ ಜೀವಿ. ಕಾವೇರಿಯ ಮಹಸೀರ್ ಜಾತಿಯೊಂದು 2018ರಲ್ಲಿ ಅತ್ಯಂತ ವಿಪತ್ತಿಗೆ ಸಿಲುಕಿದ ಜೀವಿಗಳ ಪಟ್ಟಿಗೆ ಸೇರಿತು. ಅದಕ್ಕೆ ಬೇಕಾದದ್ದು ಮುಳುಗಿಸಿದ ಕೊಂಬೆಯಲ್ಲ, ಹರಿಯುವ ನೀರು ಮತ್ತು ಮರಳು ತೆಗೆಯದ ಪಾತ್ರ.

ಕೊಂಬೆಯ ಆಸರೆಯನ್ನು ನಿಜಕ್ಕೂ ಬಳಸಿಕೊಳ್ಳಬಲ್ಲದ್ದು ಕಳೆಯ ನಡುವೆ ಹೊಂಚುವ ಕೊರವ ಮೀನಿನಂಥ ಜಾತಿಗಳು. ಕೆರೆಗಳ ದಡದಲ್ಲಿ ಹುಲ್ಲು ಜೊಂಡುಗಳಿದ್ದೆಡೆ ಅವು ತಾವಾಗಿಯೇ ಇರುತ್ತವೆ. ನಗರದ ಕೆರೆಗಳನ್ನು ಸುಂದರಗೊಳಿಸುವ ಹೆಸರಿನಲ್ಲಿ ದಡಕ್ಕೆ ಕಲ್ಲು ಕಟ್ಟಿ ಜೊಂಡನ್ನೆಲ್ಲ ಕಿತ್ತುಹಾಕುವುದರಿಂದ ಈ ನೆಲೆ ಇಲ್ಲದಾಗುತ್ತದೆ. ಅದನ್ನು ಉಳಿಸಿಕೊಂಡರೆ ಬೇರೆ ಆಸರೆ ಕಟ್ಟುವ ಖರ್ಚೇ ಬೇಡ. ಇದಕ್ಕೆ ವಿರುದ್ಧವಾದ ಅತಿಯೂ ಇದೆ. ಮುಂಬಯಿಯ ಪವಾಯಿ ಸರೋವರದಲ್ಲಿ ಗಾಳಗಾರರ ಸಂಘ ಹಲವು ದಶಕಗಳಿಂದ ನಡೆದುಬಂದಿದೆ; ಅಲ್ಲಿ ಮೊಸಳೆಗಳೂ ಇರುವುದರಿಂದ ದಡದಲ್ಲಿ ಕೂರುವವರು ಎಚ್ಚರದಿಂದಿರಬೇಕಾಗುತ್ತದೆ. 1891ರಲ್ಲಿ ಕುಡಿಯುವ ನೀರಿಗಾಗಿ ನಿರ್ಮಾಣವಾದ ಆ ಸರೋವರದ ತೊಂದರೆ ಆಸರೆಯ ಕೊರತೆಯಲ್ಲ. ಚರಂಡಿಯ ನೀರು ಸೇರಿ ಅಂತರಗಂಗೆಯಂಥ ಕಳೆ ಮಿತಿಮೀರಿ ಹಬ್ಬಿ, ಅದು ಕೊಳೆತಾಗ ಆಮ್ಲಜನಕ ತೀರುವುದು ಅಲ್ಲಿನ ಸಮಸ್ಯೆ. ಅಂಥ ನೀರಿಗೆ ಎಲೆಸಹಿತ ಹಸಿ ಕೊಂಬೆಗಳನ್ನು ತುಂಬಿದರೆ ಕೊಳೆಯುವ ರಾಶಿ ಹೆಚ್ಚಿ, ಉಳಿದ ಮೀನಿಗೂ ಉಸಿರುಗಟ್ಟುತ್ತದೆ. ಎಲೆ ಉದುರುವಂತೆ ಕೊಂಬೆಗಳನ್ನು ಕೆಲವು ವಾರ ದಡದಲ್ಲಿ ಒಣಗಿಸಿಯೇ ಮುಳುಗಿಸಬೇಕು. ಅದಕ್ಕೂ ಮೊದಲು, ಬೇಸಿಗೆಯ ಮುಂಜಾವದಲ್ಲಿ, ಅಂದರೆ ಆಮ್ಲಜನಕ ಅತಿ ಕಡಿಮೆಯಿರುವ ಹೊತ್ತಿನಲ್ಲಿ, ಆ ನೀರನ್ನು ಪರೀಕ್ಷಿಸಿ ನೋಡಬೇಕು.